ಬೆಳಿಗ್ಗೆ ‘ಟಕ್’ ಅನ್ನುತ್ತದೆ, ಬಿಸಿಯಾದರೆ ತಿರುಗಿದರೂ ಸ್ಟಾರ್ಟ್ ಆಗದು: ಹಳೆಯ ಮಾರುತಿ 800ರ ತೊಂದರೆ ಹುಡುಕುವುದು ಹೇಗೆ?

ಪ್ರಶ್ನೆ: ನನ್ನದು 1998ರ ಮಾರುತಿ 800, ಕಾರ್ಬೊರೇಟರ್ ಗಾಡಿ. ದಾವಣಗೆರೆ ವಿದ್ಯಾನಗರದಲ್ಲಿ ಮನೆ ಮುಂದೆ ಬಯಲಲ್ಲೇ ನಿಲ್ಲುತ್ತದೆ, ವಾರಕ್ಕೆ ಎರಡು ಮೂರು ದಿನ ಓಡಿಸುತ್ತೇನೆ. ಎರಡು ದಿನ ನಿಂತರೆ ಬೆಳಿಗ್ಗೆ ಸೆಲ್ಫ್ ಹೊಡೆದಾಗ ‘ಟಕ್’ ಎಂದು ಸುಮ್ಮನಾಗುತ್ತದೆ, ಇಲ್ಲವೇ ಎಳೆದೆಳೆದು ತಿರುಗುತ್ತದೆ. ಇನ್ನೊಂದು ತೊಂದರೆ ದಾರಿಯಲ್ಲಿ. ಚಿತ್ರದುರ್ಗಕ್ಕೆ ಹೋಗುವಾಗ ಭರಮಸಾಗರದಲ್ಲಿ ಚಹಾಕ್ಕೆ ನಿಲ್ಲಿಸಿ ಕಾಲು ಗಂಟೆ ಬಿಟ್ಟು ಬಂದರೆ ಸೆಲ್ಫ್ ಜೋರಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಸ್ಟಾರ್ಟ್ ಆಗುವುದಿಲ್ಲ. ಅರ್ಧ ಗಂಟೆ ಕಾದರೆ ತಾನಾಗಿಯೇ ಸರಿಹೋಗುತ್ತದೆ. ಎರಡು ವರ್ಷದಲ್ಲಿ ಎರಡು ಬ್ಯಾಟರಿ ಬದಲಿಸಿದೆ. ಈಗ ಸೆಲ್ಫ್ ಮೋಟಾರ್, ಕಾರ್ಬೊರೇಟರ್ ಎರಡೂ ಹೊಸದು ಹಾಕಿಸಿ ಎನ್ನುತ್ತಿದ್ದಾರೆ. ಹಾಕಿಸಬೇಕೆ?

ಉತ್ತರ: ಈಗಲೇ ಬೇಡ. ನಿಮ್ಮ ಗಾಡಿಗೆ ಇರುವುದು ಒಂದು ತೊಂದರೆಯಲ್ಲ, ಎರಡು. ಬೆಳಗಿನದು ಕರೆಂಟಿನದು. ಭರಮಸಾಗರದ್ದು ಬಹುಶಃ ಪೆಟ್ರೋಲಿನದು. ಎರಡನ್ನೂ ‘ಸ್ಟಾರ್ಟಿಂಗ್ ಪ್ರಾಬ್ಲಂ’ ಎಂದು ಒಟ್ಟಿಗೆ ಹೇಳಿದರೆ ಗ್ಯಾರೇಜಿನವರು ಮೊದಲು ಕೈ ಹಾಕುವುದು ಬ್ಯಾಟರಿಗೇ. ಒಂದು ಡಿಜಿಟಲ್ ಮಲ್ಟಿಮೀಟರ್, 10 ಮತ್ತು 12ರ ಸ್ಪ್ಯಾನರ್, ಪ್ಲಗ್ ಸ್ಪ್ಯಾನರ್, ಒಂದು ತುಂಡು ಎಮರಿ ಪೇಪರ್, ಕೀ ತಿರುಗಿಸಲು ಇನ್ನೊಬ್ಬರು ಇದ್ದರೆ ಸಾಕು. ಏನೂ ಕೊಳ್ಳದೆ ದೋಷ ಎಲ್ಲಿದೆ ಎಂದು ನೀವೇ ಗುರುತಿಸಬಹುದು.

ಶುರು ಮಾಡಬೇಕಾದದ್ದು ಕಿವಿಯಿಂದ. ಕೀ ತಿರುಗಿಸಿದಾಗ ಏನೂ ಸದ್ದಿಲ್ಲದಿದ್ದರೆ ಕೀ ಸ್ವಿಚ್ಚಿನಿಂದ ಸೆಲ್ಫಿನ ಸೊಲಿನಾಯ್ಡಿಗೆ (ಮೋಟಾರಿಗೆ ಕರೆಂಟ್ ಕೂಡಿಸುವ ಸ್ವಿಚ್) ಹೋಗುವ ಸಣ್ಣ ವೈರು, ಅದರ ಕನೆಕ್ಟರ್ ನೋಡಬೇಕು. ‘ಟಕ ಟಕ ಟಕ’ ಎಂದು ಬಡಿದುಕೊಂಡರೆ ಬ್ಯಾಟರಿ ಇಳಿದಿದೆ, ಅಥವಾ ಟರ್ಮಿನಲ್ ಸಡಿಲ. ಒಂದೇ ‘ಟಕ್’ ಎಂದರೆ ಸೊಲಿನಾಯ್ಡ್ ಎಳೆದಿದೆ, ಮೋಟಾರಿಗೆ ಮಾತ್ರ ಸಾಕಷ್ಟು ಕರೆಂಟ್ ತಲುಪಿಲ್ಲ. ‘ಝುಂಯ್’ ಎಂದು ಮೋಟಾರೊಂದೇ ಸುತ್ತಿ ಎಂಜಿನ್ ಅಲುಗದಿದ್ದರೆ ಸೆಲ್ಫಿನ ಬೆಂಡಿಕ್ಸ್, ಅಂದರೆ ಮೋಟಾರನ್ನು ಎಂಜಿನ್ನಿಗೆ ಕೂಡಿಸುವ ಹಲ್ಲುಚಕ್ರ, ಜಾರುತ್ತಿದೆ. ಎಂಜಿನ್ ಚೆನ್ನಾಗಿ ತಿರುಗಿಯೂ ಸ್ಟಾರ್ಟ್ ಆಗದಿದ್ದರೆ ಬ್ಯಾಟರಿ, ಸೆಲ್ಫ್ ಎರಡನ್ನೂ ಮರೆತುಬಿಡಿ. ಕಿಡಿ ಅಥವಾ ಪೆಟ್ರೋಲ್, ಎರಡರಲ್ಲಿ ಒಂದು ಬರುತ್ತಿಲ್ಲ, ಇಲ್ಲವೇ ಪೆಟ್ರೋಲ್ ಅತಿಯಾಗಿದೆ.

ಬೆಳಗಿನ ತೊಂದರೆ

ರಾತ್ರಿಯಿಡೀ ನಿಂತ ಗಾಡಿಯಲ್ಲಿ, ಕೀ ಹಾಕುವ ಮೊದಲೇ, ಮೀಟರನ್ನು 20 ವೋಲ್ಟ್ ಡಿ.ಸಿ.ಗೆ ಇಟ್ಟು ಬ್ಯಾಟರಿಯ ಎರಡು ಕಂಬಗಳ ನಡುವೆ ಅಳೆಯಿರಿ. 12.6 ಇದ್ದರೆ ತುಂಬಿದೆ. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ. 12ಕ್ಕೆ ಇಳಿದಿದ್ದರೆ ಕಾಲು ಭಾಗವಷ್ಟೇ ಉಳಿದಿದೆ. 12 ವೋಲ್ಟ್ ಬ್ಯಾಟರಿಯಲ್ಲಿ 12 ವೋಲ್ಟ್ ಇದೆಯಲ್ಲ, ಸರಿಯಾಗಿದೆ ಎಂದುಕೊಳ್ಳುವುದು ದೊಡ್ಡ ತಪ್ಪು. ನೀರು ಹಾಕುವ ಬ್ಯಾಟರಿಯಾದರೆ ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇನ್ನೂ ನಿಖರ. ಆರೂ ಸೆಲ್‌ಗಳಲ್ಲಿ 1.250ರಿಂದ 1.280ರ ಒಳಗೆ ಬರಬೇಕು. ಐದು ಸರಿ ಇದ್ದು ಒಂದೇ ಸೆಲ್ 1.150ರ ಆಸುಪಾಸಿಗೆ ಇಳಿದಿದ್ದರೆ ಆ ಬ್ಯಾಟರಿಗೆ ಎಷ್ಟು ಚಾರ್ಜ್ ಮಾಡಿದರೂ ಪ್ರಯೋಜನವಿಲ್ಲ.

ಈಗ ಸೆಲ್ಫ್ ಹೊಡೆಯುವಾಗಿನ ಅಳತೆ. ಇಗ್ನಿಷನ್ ಕಾಯಿಲಿನ (ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಸುರುಳಿ) ಸಣ್ಣ ವೈರಿನ ಕನೆಕ್ಟರ್ ಕಿತ್ತಿಡಿ, ಆಗ ಎಂಜಿನ್ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಇನ್ನೊಬ್ಬರು ಐದು ಸೆಕೆಂಡು ಸೆಲ್ಫ್ ಹೊಡೆಯಲಿ, ನೀವು ಬ್ಯಾಟರಿಯ ವೋಲ್ಟೇಜ್ ನೋಡಿ. 9.6ಕ್ಕಿಂತ ಕೆಳಗೆ ಹೋದರೆ ಬ್ಯಾಟರಿ ಸೋತಿದೆ, ಅಥವಾ ಸೆಲ್ಫ್ ಮಿತಿಮೀರಿ ಎಳೆಯುತ್ತಿದೆ. 11ರ ಮೇಲೇ ನಿಂತೂ ‘ಟಕ್’ ಎಂದಷ್ಟೇ ಆದರೆ ಬ್ಯಾಟರಿಯ ತಪ್ಪಿಲ್ಲ. ಕರೆಂಟ್ ದಾರಿಯಲ್ಲಿ ಎಲ್ಲೋ ಸಿಕ್ಕಿಕೊಂಡಿದೆ.

ಹಳೆಯ 800ರಲ್ಲಿ ಈ ‘ದಾರಿ’ಯೇ ಹೆಚ್ಚಾಗಿ ಮೋಸ ಮಾಡುವುದು, ಆದರೆ ಅದನ್ನು ಅಳೆಯುವವರು ಕಡಿಮೆ. ಲೆಕ್ಕ ನೋಡಿ. ಸಣ್ಣ ಕಾರಿನ ಸೆಲ್ಫ್ ಸುಮಾರು 100 ಆಂಪಿಯರ್ ಎಳೆಯುತ್ತದೆ. ಒಂದು ಓಮ್‌ನ ನೂರರಲ್ಲಿ ಒಂದು ಭಾಗದಷ್ಟು ತುಕ್ಕು ಅಥವಾ ಸಡಿಲ ಇದ್ದರೂ ಅಲ್ಲೇ 1 ವೋಲ್ಟ್ ಹೋಗುತ್ತದೆ. ಅಂಥ ಮೂರು ಜಾಗ ಇದ್ದರೆ ಹೊಸ ಬ್ಯಾಟರಿಯೂ ಹಳೆಯದರಂತೆಯೇ ಎಳೆದೆಳೆದು ತಿರುಗಿಸುತ್ತದೆ. ಮೀಟರಿನಲ್ಲಿ ಓಮ್ ಅಳೆದು ಇದನ್ನು ಹಿಡಿಯಲಾಗದು, ಅಷ್ಟು ಸಣ್ಣ ಓಮ್ ಅದಕ್ಕೆ ಕಾಣುವುದೇ ಇಲ್ಲ. ಸೆಲ್ಫ್ ತಿರುಗುತ್ತಿರುವಾಗ ವೋಲ್ಟ್ ಅಳೆದರೆ ಮಾತ್ರ ಸಿಗುತ್ತದೆ.

ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ ಒತ್ತಿ. ಕ್ಲಾಂಪಿಗಲ್ಲ, ಮಧ್ಯದ ಸೀಸದ ಕಂಬಕ್ಕೇ. ಕೆಂಪು ಕಡ್ಡಿಯನ್ನು ಎಂಜಿನ್ ಬ್ಲಾಕಿನ ಬಣ್ಣವಿಲ್ಲದ ಲೋಹಕ್ಕೆ ಒತ್ತಿ ಸೆಲ್ಫ್ ಹೊಡೆಸಿ. 0.2 ವೋಲ್ಟಿನೊಳಗೆ ಇರಬೇಕು. 0.5, 0.8 ತೋರಿಸಿದರೆ ಅರ್ಥಿಂಗ್, ಅಂದರೆ ಬ್ಯಾಟರಿಯ ಮೈನಸ್‌ನಿಂದ ಬಾಡಿ, ಎಂಜಿನ್ನಿಗೆ ಇರುವ ಜೋಡಣೆ, ಕೆಟ್ಟಿದೆ. ಹಾಗೆಯೇ ಪ್ಲಸ್ ಕಂಬದಿಂದ ಸೆಲ್ಫಿನ ದಪ್ಪ ಕೇಬಲ್ ಬರುವ ಬೋಲ್ಟಿನವರೆಗೆ ಅಳೆದರೆ 0.5ರೊಳಗೆ ಇರಬೇಕು. ಹೆಚ್ಚು ಬಂದ ಕಡೆ ಕಡ್ಡಿಯನ್ನು ಒಂದೊಂದು ಜೋಡಣೆಗೆ ಹತ್ತಿರ ತರುತ್ತಾ ಬನ್ನಿ: ಕಂಬದಿಂದ ಕ್ಲಾಂಪಿಗೆ, ಕ್ಲಾಂಪಿನಿಂದ ಕೇಬಲ್ಲಿಗೆ, ಕೇಬಲ್ಲಿನಿಂದ ಬೋಲ್ಟಿಗೆ. ಎಲ್ಲಿ ವೋಲ್ಟ್ ಜಿಗಿಯುತ್ತದೋ ಅಲ್ಲೇ ದೋಷ.

ಕಣ್ಣಿಗೆ ಚೆನ್ನಾಗಿ ಕಾಣುವ ಕ್ಲಾಂಪನ್ನೂ ಬಿಚ್ಚಿ ನೋಡಿ. ಒಳಮೈಯಲ್ಲಿ ಕಡುಕಂದು ಪೊರೆ ಕಟ್ಟಿರುತ್ತದೆ. ಉಗುರಿನಿಂದ ಕೆರೆದರೆ ಅದರ ಕೆಳಗೆ ಸೀಸ ಬೆಳ್ಳಗೆ ಮಿನುಗುತ್ತದೆ. ಆ ಪೊರೆಯೇ ನಿಮ್ಮ ‘ಟಕ್’ ಆಗಿರಬಹುದು. ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಕೊನೆಗೆ ಮೈನಸ್. ಇಲ್ಲದಿದ್ದರೆ ಸ್ಪ್ಯಾನರ್ ಬಾಡಿಗೆ ತಗುಲಿ ಶಾರ್ಟ್ ಆಗುತ್ತದೆ. ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡ ಕದಡಿ ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ತಿಕ್ಕಿ. ಆ ನೀರು ಬ್ಯಾಟರಿಯ ಮುಚ್ಚಳದೊಳಗೆ ಹೋಗದಂತೆ ನೋಡಿಕೊಳ್ಳಿ. ಒಣಗಿದ ಮೇಲೆ ಎಮರಿಯಿಂದ ಉಜ್ಜಿ, ಬಿಗಿ ಮಾಡಿ, ಆಮೇಲೆ ಹೊರಗಿನಿಂದ ವ್ಯಾಸಲೀನ್ ಹಚ್ಚಿ. ಬ್ಯಾಟರಿಯಿಂದ ಬಾಡಿಗೆ, ಅಲ್ಲಿಂದ ಗೇರ್‌ಬಾಕ್ಸಿಗೆ ಹೋಗುವ ಅರ್ಥಿಂಗ್ ಪಟ್ಟಿಯ ಎರಡೂ ತುದಿ ಬಿಚ್ಚಿ ಅದೇ ರೀತಿ ಉಜ್ಜಿ. ಪಟ್ಟಿಯ ಎಳೆಗಳು ಹಸಿರಾಗಿ ಮುರಿಯುತ್ತಿದ್ದರೆ ಹೊಸದು ಹಾಕಿಸಿ, ಅದು ಅಗ್ಗದ ಸಾಮಾನು.

ಇಷ್ಟಾದ ಮೇಲೂ, ಬ್ಯಾಟರಿ ತುಂಬಿದ್ದೂ, ಎಳೆದೆಳೆದು ತಿರುಗಿದರೆ ಮಾತ್ರ ಸೆಲ್ಫ್ ಬಿಚ್ಚಿಸಿ. ಆಗಲೂ ಇಡೀ ಮೋಟಾರ್ ಬದಲಿಸುವ ಅಗತ್ಯ ಅಪರೂಪ. ಕಾರ್ಬನ್ ಬ್ರಶ್ ಸವೆದಿರುತ್ತದೆ, ಇಲ್ಲವೇ ತುದಿಯ ಬುಶ್ ಸವೆದು ಆರ್ಮೇಚರ್ (ಒಳಗೆ ತಿರುಗುವ ಭಾಗ) ಪಕ್ಕಕ್ಕೆ ಉಜ್ಜುತ್ತಿರುತ್ತದೆ. ಆರ್ಮೇಚರಿನ ಮೈಮೇಲೆ ಹೊಳೆಯುವ ಗೀರು ಕಂಡರೆ ಬುಶ್ ಹೋಗಿದೆ ಎಂದೇ ಅರ್ಥ. ಪಿ.ಬಿ. ರಸ್ತೆಯ ಕಡೆ ಆಟೋ ಎಲೆಕ್ಟ್ರಿಕ್ ಕೆಲಸದವರ ಹತ್ತಿರ ಬ್ರಶ್, ಬುಶ್ ಹಾಕಿಸಿ, ಸೊಲಿನಾಯ್ಡಿನ ತಾಮ್ರದ ಕಾಂಟ್ಯಾಕ್ಟ್ ತೋರಿಸಿ. ನಿಮ್ಮ ಕಣ್ಣೆದುರೇ ಬಿಚ್ಚಲು ಹೇಳಿ.

ಬ್ಯಾಟರಿ ಯಾಕೆ ಬೇಗ ಸಾಯುತ್ತಿದೆ?

‘ಕಡಿಮೆ ಓಡಿಸುತ್ತೀರಿ, ಅದಕ್ಕೇ’ ಎಂದು ಯಾರಾದರೂ ಹೇಳಿಯೇ ಇರುತ್ತಾರೆ. ಅದು ಪೂರ್ತಿ ನಿಜವಲ್ಲ. 100 ಆಂಪಿಯರಿನಂತೆ ಮೂರು ಸೆಕೆಂಡು ಸೆಲ್ಫ್ ಹೊಡೆದರೆ ಖರ್ಚಾಗುವುದು ಒಂದು ಆಂಪಿಯರ್ ಅವರ್‌ನ ಹತ್ತನೇ ಒಂದು ಭಾಗಕ್ಕೂ ಕಡಿಮೆ. ನಿಮ್ಮ ಗಾಡಿಯ ಬ್ಯಾಟರಿ ಸಾಮಾನ್ಯವಾಗಿ 35 ಆಂಪಿಯರ್ ಅವರ್‌ನದು. ಚಾರ್ಜಿಂಗ್ ಸರಿ ಇದ್ದರೆ ಕೆಲವೇ ನಿಮಿಷದಲ್ಲಿ ಅಷ್ಟು ತುಂಬಿಕೊಳ್ಳುತ್ತದೆ. ಎರಡು ದಿನಕ್ಕೇ ಇಳಿಯುತ್ತಿದೆ ಎಂದರೆ ಎಲ್ಲೋ ಸೋರುತ್ತಿದೆ. 300 ಮಿಲಿ ಆಂಪಿಯರ್ ಸೋರಿದರೆ 48 ಗಂಟೆಯಲ್ಲಿ 14.4 ಆಂಪಿಯರ್ ಅವರ್, ಅಂದರೆ ಬ್ಯಾಟರಿಯ ನೂರಕ್ಕೆ ನಲವತ್ತು ಭಾಗ ಖಾಲಿ.

ಸೋರಿಕೆ ನೋಡುವ ಬಗೆ: ಎಲ್ಲ ಆಫ್ ಮಾಡಿ, ಬಾಗಿಲು ಮುಚ್ಚಿ, ಮೈನಸ್ ಕ್ಲಾಂಪ್ ಬಿಚ್ಚಿ. ಮೀಟರಿನ ಕೆಂಪು ಕಡ್ಡಿಯನ್ನು 10 ಆಂಪಿಯರಿನ ತೂತಿಗೆ ಬದಲಿಸಿ, ಕಂಬ ಮತ್ತು ಕ್ಲಾಂಪಿನ ನಡುವೆ ಮೀಟರನ್ನು ಸೇರಿಸಿ. ಹೀಗೆ ಮೀಟರ್ ಇರುವಾಗ ಕೀ ಹಾಕಿ ಸೆಲ್ಫ್ ಹೊಡೆದರೆ ಮೀಟರಿನ ಫ್ಯೂಸ್ ಹಾರುತ್ತದೆ, ಹುಷಾರು. ಕಾರ್ಬೊರೇಟರ್ 800ರಲ್ಲಿ ಗಡಿಯಾರ, ಸ್ಟೀರಿಯೊದ ಮೆಮೊರಿ ಬಿಟ್ಟರೆ ಎಳೆಯುವಂಥದ್ದೇನೂ ಇಲ್ಲ. 50 ಮಿಲಿ ಆಂಪಿಯರ್, ಅಂದರೆ ಮೀಟರಿನಲ್ಲಿ 0.05, ಇದಕ್ಕಿಂತ ಹೆಚ್ಚಿದ್ದರೆ ಒಂದೊಂದೇ ಫ್ಯೂಸ್ ಕಿತ್ತು ನೋಡಿ. ಯಾವುದು ಕಿತ್ತಾಗ ಇಳಿಯಿತೋ ಆ ಸಾಲಿನಲ್ಲಿ ಹುಡುಕಿ. ಹೊರಗಿನಿಂದ ಹಾಕಿಸಿದ ಸ್ಟೀರಿಯೊ, ರಿವರ್ಸ್ ಹಾರ್ನ್, ಸೆಂಟ್ರಲ್ ಲಾಕ್, ಡಿಕ್ಕಿಯ ದೀಪ ಇವೇ ಸಾಮಾನ್ಯವಾಗಿ ಸಿಕ್ಕಿಬೀಳುತ್ತವೆ. ಎಲ್ಲ ಫ್ಯೂಸ್ ಕಿತ್ತರೂ ಇಳಿಯದಿದ್ದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಡಯೋಡ್ ಸೋರುತ್ತಿರಬಹುದು. ಕ್ಲಾಂಪ್ ಬಿಚ್ಚಿರುವಾಗಲೇ ಅದರ ದಪ್ಪ ವೈರನ್ನು ಕಳಚಿ, ತುದಿಗೆ ಟೇಪ್ ಸುತ್ತಿ ಮತ್ತೆ ಅಳೆದರೆ ಗೊತ್ತಾಗುತ್ತದೆ.

ಚಾರ್ಜಿಂಗ್ ಕೂಡ ನೋಡಿ. ಎಂಜಿನ್ ಸ್ವಲ್ಪ ರೇಸ್ ಮಾಡಿದಾಗ ಬ್ಯಾಟರಿಯ ಮೇಲೆ 13.8ರಿಂದ 14.5 ವೋಲ್ಟ್ ಬರಬೇಕು. ಹೆಡ್‌ಲೈಟ್, ಬ್ಲೋವರ್ ಹಾಕಿದಾಗ 13.5ರ ಹತ್ತಿರ ನಿಲ್ಲಬೇಕು. ಕಡಿಮೆ ಇದ್ದರೆ ಬೆಲ್ಟ್ ಸಡಿಲವೇ, ಆಲ್ಟರ್ನೇಟರಿನ ಬ್ರಶ್ ಸವೆದಿದೆಯೇ ನೋಡಿ. 15 ದಾಟಿದರೆ ವೋಲ್ಟ್ ಮಿತಿಯಲ್ಲಿಡುವ ರೆಗ್ಯುಲೇಟರ್ ಹೋಗಿದೆ. ಅಂಥ ಗಾಡಿ ಬ್ಯಾಟರಿಯ ನೀರನ್ನು ಕುದಿಸಿ ಹಾಳು ಮಾಡುತ್ತದೆ. ನಿಮ್ಮದು ಎರಡು ವರ್ಷದಲ್ಲಿ ಎರಡು ಬ್ಯಾಟರಿ ತಿಂದಿರುವುದರಿಂದ ಈ ಅಳತೆಯನ್ನು ಬಿಡಲೇಬೇಡಿ. ಬಯಲಲ್ಲಿ ನಿಲ್ಲುವ ಗಾಡಿಗೆ ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ನೀರು ಬೇಗ ಇಂಗುತ್ತದೆ. ಒಳಗಿನ ಪ್ಲೇಟು ಆಗ ಕೆಡುತ್ತದೆ, ಸೋಲುವುದು ಡಿಸೆಂಬರಿನ ಚಳಿಯ ಬೆಳಿಗ್ಗೆ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಮುಚ್ಚಳ ತೆಗೆದು ಪ್ಲೇಟಿನ ಮೇಲೆ 10–15 ಮಿ.ಮೀ. ನೀರು ಇರುವಂತೆ ಡಿಸ್ಟಿಲ್ಡ್ ವಾಟರ್ ಹಾಕಿ. ಬೋರ್‌ವೆಲ್ ನೀರು ಬೇಡ, ಆಸಿಡ್ ಅಂತೂ ಬೇಡವೇ ಬೇಡ.

ಭರಮಸಾಗರದ ತೊಂದರೆ

ದಾವಣಗೆರೆಯಿಂದ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಬಂದಾಗ ಗಾಳಿ, ರೇಡಿಯೇಟರಿನ ನೀರು, ಹರಿಯುವ ತಣ್ಣನೆಯ ಪೆಟ್ರೋಲ್ ಎಲ್ಲವೂ ಎಂಜಿನ್ನಿನ ಬಿಸಿಯನ್ನು ಒಯ್ಯುತ್ತಿರುತ್ತವೆ. ಗಾಡಿ ನಿಲ್ಲಿಸಿದ ಕ್ಷಣ ಮೂರೂ ನಿಲ್ಲುತ್ತವೆ. ಎಂಜಿನ್ನಿನ ಬಿಸಿ ಕಾರ್ಬೊರೇಟರಿಗೆ ಏರತೊಡಗುತ್ತದೆ, ಹತ್ತು ಹದಿನೈದು ನಿಮಿಷದ ಹೊತ್ತಿಗೆ ಅದು ಅತಿ ಬಿಸಿಯಾಗಿರುತ್ತದೆ. ಪೆಟ್ರೋಲಿನ ಹಗುರ ಅಂಶ 40 ಡಿಗ್ರಿ ಸೆಲ್ಸಿಯಸ್‌ ಆಸುಪಾಸಿನಲ್ಲೇ ಕುದಿಯಲು ಶುರುವಾಗುತ್ತದೆ. ಆಗ ಎರಡರಲ್ಲಿ ಒಂದು ಆಗಬಹುದು. ಕಾರ್ಬೊರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಬಟ್ಟಲಿನಿಂದ ಅದು ಉಕ್ಕಿ ಮ್ಯಾನಿಫೋಲ್ಡಿಗೆ (ಎಂಜಿನ್ನಿಗೆ ಹೋಗುವ ಕೊಳವೆ) ಸುರಿದು ಓವರ್‌ಫ್ಲೋ ಆಗುತ್ತದೆ. ಇಲ್ಲವೇ ಪಂಪು, ಪೈಪಿನಲ್ಲಿ ಆವಿ ತುಂಬಿಕೊಂಡು ಪೆಟ್ರೋಲ್ ಬರುವುದೇ ಇಲ್ಲ. ಒಂದು ಅತಿ, ಇನ್ನೊಂದು ಕೊರತೆ. ಎರಡಕ್ಕೂ ಮದ್ದು ಬೇರೆ, ಆದ್ದರಿಂದ ಮೊದಲು ಯಾವುದೆಂದು ತಿಳಿಯಬೇಕು.

ಮುಂದಿನ ಸಲ ಅಲ್ಲಿ ಸ್ಟಾರ್ಟ್ ಆಗದಿದ್ದಾಗ ಚೋಕ್ ಎಳೆಯಬೇಡಿ, ಎಕ್ಸಿಲರೇಟರ್ ಮೇಲಿಂದ ಮೇಲೆ ತುಳಿಯಲೂ ಬೇಡಿ. ಪ್ರತಿ ತುಳಿತಕ್ಕೂ ಇನ್ನಷ್ಟು ಪೆಟ್ರೋಲ್ ಒಳಗೆ ಚಿಮ್ಮುತ್ತದೆ. ಕೀ ಆಫ್ ಮಾಡಿ, ಬಾನೆಟ್ ಎತ್ತಿ, ಏರ್ ಕ್ಲೀನರಿನ ಮುಚ್ಚಳ ಬಿಚ್ಚಿ, ಟಾರ್ಚ್ ಹಿಡಿದು ಕಾರ್ಬೊರೇಟರಿನ ಗಂಟಲಿಗೆ ಇಣುಕಿ. ಹತ್ತಿರ ಬೀಡಿ, ಸಿಗರೇಟು ಯಾರ ಕೈಯಲ್ಲೂ ಇರಬಾರದು. ನಡುವಿನ ಸಣ್ಣ ಹಿತ್ತಾಳೆ ನಳಿಕೆಯಿಂದ ಹನಿ ಹನಿ ಪೆಟ್ರೋಲ್ ತೊಟ್ಟಿಕ್ಕುತ್ತಿದ್ದರೆ, ಗೋಡೆ ಒದ್ದೆಯಾಗಿ ಹೊಳೆಯುತ್ತಿದ್ದರೆ, ಮೂಗಿಗೆ ವಾಸನೆ ಹೊಡೆದರೆ ಅದು ಓವರ್‌ಫ್ಲೋ. ಒಣಗಿದ್ದರೆ ಕೈಯಿಂದ ಥ್ರಾಟಲ್ ಒಮ್ಮೆ ತಿರುಗಿಸಿ. ಸೂಜಿಯಂತೆ ತೆಳುವಾದ ಧಾರೆ ‘ಚಿರ್’ ಎಂದು ಚಿಮ್ಮಬೇಕು. ಚಿಮ್ಮದಿದ್ದರೆ ಬಟ್ಟಲು ಖಾಲಿ, ಅಂದರೆ ಏರ್ ಲಾಕ್ (ಪೈಪಿನಲ್ಲಿ ಆವಿ ತುಂಬಿರುವುದು) ಅಥವಾ ಪಂಪಿನ ತೊಂದರೆ.

ಓವರ್‌ಫ್ಲೋ ಆಗಿದ್ದರೆ ಏರ್ ಕ್ಲೀನರ್ ಮುಚ್ಚಿ, ಎಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು (ಬಿಟ್ಟು ಬಿಟ್ಟು ಅಲ್ಲ) ಏಳೆಂಟು ಸೆಕೆಂಡು ಸೆಲ್ಫ್ ಹೊಡೆಯಿರಿ. ಗಾಳಿ ಜಾಸ್ತಿ ನುಗ್ಗಿ ಹೆಚ್ಚಾದ ಪೆಟ್ರೋಲನ್ನು ಒಣಗಿಸುತ್ತದೆ. ಸ್ಟಾರ್ಟ್ ಆಗದಿದ್ದರೆ ಅರ್ಧ ನಿಮಿಷ ಬಿಟ್ಟು ಮತ್ತೊಮ್ಮೆ. ಒಂದೇ ಸಲಕ್ಕೆ ಹತ್ತು ಸೆಕೆಂಡು ಮೀರಬೇಡಿ, ಸೆಲ್ಫಿನ ಸುರುಳಿ ಸುಡುತ್ತದೆ. ಈ ಉಪಾಯಕ್ಕೆ ಗಾಡಿ ಸ್ಟಾರ್ಟ್ ಆದರೆ ರೋಗ ಖಚಿತವಾಯಿತು.

ಆಮೇಲೆ ಮನೆಯಲ್ಲಿ ರಿಪೇರಿ. ಕಾರ್ಬೊರೇಟರ್ ಹೊಸದು ಬೇಡ. ಬಟ್ಟಲಿಗೆ ಪೆಟ್ರೋಲ್ ಬಿಡುವ ನೀಡಲ್ ವಾಲ್ವ್ ಬಿಚ್ಚಿಸಿ, ಅದರ ಚೂಪಾದ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಕೂದಲೆಳೆಯಷ್ಟು ಸಣ್ಣ ಉಂಗುರದ ಗುರುತು ಸುತ್ತಲೂ ಬಿದ್ದಿದ್ದರೆ ಅದು ಸವೆದಿದೆ. ಬಟ್ಟಲು ತುಂಬಿದ ಮೇಲೂ ಪೆಟ್ರೋಲ್ ಇಳಿಯುತ್ತಲೇ ಇರುತ್ತದೆ. ನೀಡಲ್ ಜೊತೆಗೆ ಅದರ ಸೀಟನ್ನೂ ಬದಲಿಸಿ, ಫ್ಲೋಟ್ ಮಟ್ಟ ಸರಿ ಮಾಡಿಸಿ. ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಪೆಟ್ರೋಲ್ ಕುಲುಕಿದರೆ ತೂತಾಗಿದೆ. ಕಾರ್ಬೊರೇಟರಿನ ಅಡಿಯಲ್ಲಿ ಬಿಸಿ ತಡೆಯುವ ದಪ್ಪ ಪ್ಯಾಕಿಂಗ್ ಇರುತ್ತದೆ. ಹಿಂದೆ ಯಾರೋ ಅದನ್ನು ಕಳೆದು ತೆಳು ಗ್ಯಾಸ್ಕೆಟ್ ಹಾಕಿಬಿಟ್ಟಿದ್ದರೆ ಬಿಸಿ ನೇರವಾಗಿ ಏರುತ್ತದೆ. ಇದನ್ನು ಕೇಳಿ ನೋಡಿ. ಚೋಕ್ ಗುಂಡಿ ಒಳಗೆ ತಳ್ಳಿದಾಗ ಮೇಲಿನ ಬಿಲ್ಲೆ ಪೂರ್ತಿ ನೆಟ್ಟಗೆ ನಿಲ್ಲಬೇಕು. ಕೇಬಲ್ ಬಿಗಿದು ಅರ್ಧ ಮುಚ್ಚಿದ್ದರೆ ಅದೇ ಕಾರಣ. ಏರ್ ಫಿಲ್ಟರ್ ಕಟ್ಟಿದ್ದರೂ ಚೋಕ್ ಎಳೆದಂತೆಯೇ. ಮೆಕ್ಕೆಜೋಳ ಒಕ್ಕುವ ಕಾಲದ ಧೂಳು, ಮಂಡಕ್ಕಿ ಭಟ್ಟಿಯ ಕಡೆಯ ಮಸಿ ತಿನ್ನುವ ಗಾಡಿಯಲ್ಲಿ ಫಿಲ್ಟರ್ ನೋಡಲು ಪುಸ್ತಕದಲ್ಲಿ ಬರೆದಷ್ಟು ಕಿಲೋಮೀಟರ್ ಕಾಯಬಾರದು.

ಬಟ್ಟಲು ಖಾಲಿ ಎಂದು ಕಂಡಿದ್ದರೆ ಮೊದಲು ಟ್ಯಾಂಕಿನ ಮುಚ್ಚಳ ತೆಗೆಯಿರಿ. ‘ಸುಯ್’ ಎಂದು ಗಾಳಿ ಒಳಗೆ ಎಳೆದುಕೊಂಡರೆ ಟ್ಯಾಂಕಿನ ಗಾಳಿದಾರಿ ಕಟ್ಟಿದೆ, ಪಂಪು ಎಳೆಯಲಾರದೆ ಸೋಲುತ್ತಿದೆ. ಅದಲ್ಲದಿದ್ದರೆ ಎಂಜಿನ್ನಿನ ಪಕ್ಕದ ಪೆಟ್ರೋಲ್ ಪಂಪಿನ ರಬ್ಬರ್ ಡಯಾಫ್ರಾಂ ಸಂಶಯಿಸಿ. ಎಂಜಿನ್ ಆಯಿಲಿನ ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಇದ್ದು ಆಯಿಲ್ ಮಟ್ಟ ಏರಿದ್ದರೆ ಡಯಾಫ್ರಾಂ ಹರಿದು ಪೆಟ್ರೋಲ್ ಆಯಿಲಿಗೆ ಸೇರುತ್ತಿದೆ. ಹಾಗಾದರೆ ಪಂಪಿನ ಜೊತೆ ಆಯಿಲನ್ನೂ ಬದಲಿಸದೆ ಗಾಡಿ ಓಡಿಸಬೇಡಿ, ಬೇರಿಂಗ್ ಹೋಗುತ್ತದೆ. ಟ್ಯಾಂಕಿಗೆ ಮರಳುವ ಪೈಪು ಕಟ್ಟಿದ್ದರೂ ಬಿಸಿ ಪೆಟ್ರೋಲ್ ಹಿಂದೆ ಹೋಗಲಾರದೆ ಆವಿಯಾಗುತ್ತದೆ.

ಕಾರ್ಬೊರೇಟರಿನಲ್ಲಿ ಎರಡೂ ಲಕ್ಷಣ ಕಾಣದೆ, ಧಾರೆ ಚೆನ್ನಾಗಿ ಚಿಮ್ಮಿದರೆ ಕಿಡಿಯ ಕಡೆ ತಿರುಗಿ. ಬಿಸಿಯಾದಾಗ ಸೋತು ತಣಿದ ಮೇಲೆ ಸರಿಯಾಗುವುದು ಇಗ್ನಿಷನ್ ಕಾಯಿಲಿನ ಹಳೆಯ ಚಾಳಿ. ಒಳಗಿನ ತೆಳುತಂತಿ ಹಿಗ್ಗಿದಾಗ ತುಂಡಾಗಿ, ತಣಿದಾಗ ಮತ್ತೆ ಕೂಡಿಕೊಳ್ಳುತ್ತದೆ. ಇದನ್ನು ತಣಿದ ಗಾಡಿಯಲ್ಲಿ ಪರೀಕ್ಷಿಸಿ ಫಲವಿಲ್ಲ, ಅಲ್ಲೇ ಆ ಹೊತ್ತಿನಲ್ಲೇ ನೋಡಬೇಕು. ಏರ್ ಕ್ಲೀನರ್ ಮುಚ್ಚಿ, ಪೆಟ್ರೋಲ್ ವಾಸನೆ ಹೋದ ಮೇಲೆ, ಜೊತೆಗೊಯ್ದ ಬೇರೆ ಪ್ಲಗ್ಗನ್ನು ಒಂದು ಪ್ಲಗ್ ವೈರಿಗೆ ಸಿಕ್ಕಿಸಿ, ಅದರ ಲೋಹದ ಮೈ ಎಂಜಿನ್ನಿಗೆ ತಾಗುವಂತೆ ರಬ್ಬರ್ ಹಿಡಿಯ ಇಕ್ಕಳದಿಂದ ಹಿಡಿದು ಸೆಲ್ಫ್ ಹೊಡೆಸಿ. ನೀಲಿ ಬಣ್ಣದ, ‘ಚಟ್ ಚಟ್’ ಎನ್ನುವ ಕಿಡಿ ಬರಬೇಕು. ಕೆಂಪಗೆ ತೆಳ್ಳಗೆ ಬಂದರೆ ಅಥವಾ ಬಾರದಿದ್ದರೆ ಕಾಯಿಲಿಗೆ ಒದ್ದೆ ಬಟ್ಟೆ ಸುತ್ತಿ ಐದು ನಿಮಿಷ ಬಿಟ್ಟು ನೋಡಿ, ವೈರಿನ ಕಡೆಗೆ ನೀರು ಹೋಗದಂತೆ. ಕಿಡಿ ಮರಳಿದರೆ ಕಾಯಿಲ್ ಬದಲಿಸಿ.

ಮನೆಯಲ್ಲಿ ಮೂರೂ ಪ್ಲಗ್ ಒಮ್ಮೆ ಬಿಚ್ಚಿ ಸಾಲಾಗಿ ಇಟ್ಟುಕೊಳ್ಳಿ. ತಿಳಿ ಕಾಫಿ ಬಣ್ಣ ಸರಿಯಾದದ್ದು. ಒಣ ಕಾಡಿಗೆಯಂಥ ಕಪ್ಪು ಎಂದರೆ ಪೆಟ್ರೋಲ್ ಹೆಚ್ಚು, ಜಿಡ್ಡಾದ ಕಪ್ಪು ಎಂದರೆ ಆಯಿಲ್ ಸುಡುತ್ತಿದೆ. ಗ್ಯಾಪ್ 0.7ರಿಂದ 0.8 ಮಿ.ಮೀ. ಇರಲಿ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಮುಚ್ಚಳದ ಒಳಗೆ ಪೆನ್ಸಿಲ್ ಗೀಟಿನಂಥ ಕಪ್ಪು ಗೆರೆ ಕಂಡರೆ ಕಿಡಿ ಅಲ್ಲೇ ಕದ್ದು ಹೋಗುತ್ತಿದೆ, ಮುಚ್ಚಳ ಬದಲಿಸಿ. ವೈರುಗಳನ್ನು ತೆಗೆಯುವಾಗ ಗುರುತು ಹಾಕಿಕೊಳ್ಳಿ. ಈ ಎಂಜಿನ್ನಿನ ಕಿಡಿಯ ಸರದಿ 1-3-2. ಅದಲು ಬದಲಾದರೆ ಹೊಸದೊಂದು ತೊಂದರೆ ನೀವೇ ತಂದುಕೊಂಡಂತೆ.

2000ದ ನಂತರದ ಎಂ.ಪಿ.ಎಫ್.ಐ. (ಕಾರ್ಬೊರೇಟರ್ ಬದಲು ಇಂಜೆಕ್ಟರ್ ಇರುವ) 800 ಇರುವವರಿಗೆ ಕಾರ್ಬೊರೇಟರಿನ ಈ ಮಾತು ಅನ್ವಯಿಸುವುದಿಲ್ಲ. ಅವರು ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕಡೆಯಿಂದ ಎರಡು ಮೂರು ಸೆಕೆಂಡು ಪಂಪಿನ ಗುಂಯ್‌ಗುಡುವ ಸದ್ದು ಕೇಳುತ್ತದೆಯೇ ಗಮನಿಸಲಿ. ಕೇಳದಿದ್ದರೆ ಫ್ಯೂಸ್, ರಿಲೇ, ಪಂಪು ಈ ಸರದಿಯಲ್ಲಿ ನೋಡಬೇಕು. ಬೆಳಗಿನ ಬ್ಯಾಟರಿ, ಅರ್ಥಿಂಗ್ ಪರೀಕ್ಷೆಗಳು ಎರಡಕ್ಕೂ ಒಂದೇ.

ಕೊನೆಗೆ ಪೆಟ್ರೋಲ್ ಪೈಪಿನ ಮಾತು, ಇದನ್ನು ಮುಂದೂಡಬೇಡಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥನಾಲ್ ಇರುತ್ತದೆ. 1998ರ ಗಾಡಿಯ ರಬ್ಬರ್ ಅದಕ್ಕಾಗಿ ಮಾಡಿದ್ದಲ್ಲ. ಹಳೆಯ ಹೋಸು ಉಬ್ಬಿ, ಬಿರಿದು, ಒಳಗಿನಿಂದ ಪುಡಿ ಬಿಡುತ್ತದೆ. ಆ ಪುಡಿ ಹೋಗಿ ನೀಡಲ್ ವಾಲ್ವಿನಲ್ಲಿ ಕೂತರೆ ಮತ್ತೆ ಓವರ್‌ಫ್ಲೋ. ಹೋಸನ್ನು ಎರಡು ಬೆರಳಲ್ಲಿ ಬಾಗಿಸಿ ನೋಡಿ. ಮೇಲೆ ಸಣ್ಣ ಬಿರುಕು ಬಿಚ್ಚಿಕೊಂಡರೆ ಅಂದೇ ಬದಲಿಸಿ, ಏಕೆಂದರೆ ಕೆಳಗೆ ಬಿಸಿ ಸೈಲೆನ್ಸರ್ ಪೈಪು ಇದೆ. ಅಂಗಡಿಯಲ್ಲಿ ಎಥನಾಲ್ ತಡೆಯುವ ಫ್ಯೂಯಲ್ ಹೋಸನ್ನೇ ಕೇಳಿ, ಬಣ್ಣವಿಲ್ಲದ ಪ್ಲಾಸ್ಟಿಕ್ ಪೈಪು ಕೊಟ್ಟರೆ ತೆಗೆದುಕೊಳ್ಳಬೇಡಿ. ಅಳತೆಗೆ ಹಳೆಯ ತುಂಡನ್ನು ಜೊತೆಗೆ ಒಯ್ಯಿರಿ, ಕ್ಲಿಪ್ಪುಗಳನ್ನೂ ಹೊಸದೇ ತನ್ನಿ. ಹಾಕಿದ ಮೇಲೆ ಎಂಜಿನ್ ಐದು ನಿಮಿಷ ಓಡಿಸಿ, ಪ್ರತಿ ಜೋಡಣೆಯ ಕೆಳಗೆ ಬೆರಳಿಟ್ಟು ತೇವ ಇದೆಯೇ ನೋಡಿ.